ಮೇಲಿನ ಸೆಟ್ ಕೂತಿದೆ, ಕೆಳಗಿನದು ಏಳುತ್ತಿದೆ

ಪ್ರಶ್ನೆ (ಹನುಮಂತನಗರ): ಅಮ್ಮನಿಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಉಳಿದಿದ್ದ ಹಲ್ಲುಗಳನ್ನು ಕೀಳಿಸಿ, ಮೂರು ತಿಂಗಳು ಬಿಟ್ಟು ಪೂರ್ತಿ ಸೆಟ್ ಕಟ್ಟಿಸಿದೆವು. ಈಗ ಒಂದು ತಿಂಗಳಾಯಿತು. ಮೇಲಿನದು ಗಟ್ಟಿಯಾಗಿ ನಿಂತಿದೆ. ಕೆಳಗಿನದು ಬಾಯಿ ತೆರೆದರೆ ಸಾಕು, ಎದ್ದು ಬರುತ್ತದೆ. ಬಲಗಡೆ ವಸಡಿನಲ್ಲಿ ಹುಣ್ಣಾಗಿದೆ. ‘ಅಭ್ಯಾಸ ಆಗುತ್ತೆ’ ಎನ್ನುತ್ತಾರೆ ಡಾಕ್ಟರು. ಎಷ್ಟು ದಿನ ಕಾಯಬೇಕು? ಬೇರೆ ಮಾಡಿಸೋಣವೇ?

ಉತ್ತರ: ಬೇರೆ ಮಾಡಿಸುವ ಮಾತು ಈಗಲೇ ಬೇಡ. ಡಾಕ್ಟರು ಹೇಳಿದ್ದೂ ಅರ್ಧ ಸರಿ. ನಾಲಿಗೆ, ಕೆನ್ನೆಗಳಿಗೆ ಹೊಸ ಸೆಟ್ ಒಗ್ಗಲು ಆರರಿಂದ ಎಂಟು ವಾರ ಬೇಕು. ಹುಣ್ಣು ಮಾತ್ರ ಅಭ್ಯಾಸವಾಗುವ ವಸ್ತುವಲ್ಲ.

ಮೇಲಿನ ಸೆಟ್ ಇಡೀ ಅಂಗುಳನ್ನು ಮುಚ್ಚುತ್ತದೆ. ನಡುವೆ ಎಂಜಲಿನ ತೆಳು ಪದರವಿದ್ದು, ಒದ್ದೆ ಗಾಜಿಗೆ ಇನ್ನೊಂದು ಗಾಜು ಅಂಟಿದ ಹಾಗೆ ಅದು ಹಿಡಿದುಕೊಳ್ಳುತ್ತದೆ. ಕೆಳಗಿನದು ಕುದುರೆ ಲಾಳದ ಆಕಾರದ್ದು. ಅದಕ್ಕೆ ಕೂರಲು ಸಿಗುವ ಜಾಗ ಮೇಲಿನದರ ಸುಮಾರು ಅರ್ಧದಷ್ಟು. ಒಳಗಿನಿಂದ ನಾಲಿಗೆ ತಳ್ಳುತ್ತದೆ, ಹೊರಗಿನಿಂದ ಕೆನ್ನೆ, ತುಟಿ ಒತ್ತುತ್ತವೆ. ಮೇಲಿನದರಷ್ಟು ಬಿಗಿ ಕೆಳಗಿನದಕ್ಕೆ ಎಂದೂ ಬರುವುದಿಲ್ಲ. ಇದನ್ನು ಅಳತೆ ತೆಗೆಯುವ ಮೊದಲೇ ಹೇಳಿಬಿಟ್ಟರೆ ಎಷ್ಟೋ ಜಗಳ ತಪ್ಪುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಅಮ್ಮ ಬಾಯಿ ಅರ್ಧ ತೆರೆದು, ನಾಲಿಗೆಯ ತುದಿಯನ್ನು ಕೆಳಗಿನ ಮುಂಹಲ್ಲುಗಳ ಹಿಂಬದಿಗೆ ತಾಗಿಸಿ ಸುಮ್ಮನಿರಲಿ. ಆಗ ಸೆಟ್ ಏಳದಿದ್ದರೆ ತಪ್ಪು ನಾಲಿಗೆಯದು. ಹೊಸ ಸೆಟ್ ಹಾಕಿದವರು ನಾಲಿಗೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಸೆಟ್‌ನ ಹಿಡಿತ ತಪ್ಪುತ್ತದೆ. ನಾಲಿಗೆಯನ್ನು ಮುಂದೆ ಇಡುವ ಅಭ್ಯಾಸವೇ ಇದಕ್ಕೆ ಮದ್ದು. ನಾಲಿಗೆ ಮುಂದಿದ್ದೂ ಸೆಟ್ ಎದ್ದರೆ ಅಂಚು ಎಲ್ಲೋ ಉದ್ದವಾಗಿದೆ, ಸ್ನಾಯು ಅದನ್ನು ಎತ್ತುತ್ತಿದೆ. ಹುಣ್ಣಾದ ಜಾಗದಲ್ಲೇ ಅದು ಇರುವ ಸಾಧ್ಯತೆ ಹೆಚ್ಚು. ಕೂದಲೆಳೆಯಷ್ಟು ಉಜ್ಜಿದರೆ ಸರಿಹೋಗುವ ಕೆಲಸ, ಆದರೆ ಉಜ್ಜಬೇಕಾದವರು ಡಾಕ್ಟರು. ಮನೆಯಲ್ಲಿ ಉಗುರಿನ ಅರದಿಂದ ಕೆರೆದರೆ ಒಂದು ಕಡೆ ನೋವು ಹೋಗಿ ಇನ್ನೊಂದು ಕಡೆ ಗಾಳಿ ನುಗ್ಗುತ್ತದೆ.

ಡಾಕ್ಟರ ಬಳಿ ಹೋಗುವಾಗ ಹೆಚ್ಚಿನವರು ಮಾಡುವ ತಪ್ಪು: ನೋವೆಂದು ನಾಲ್ಕು ದಿನ ಸೆಟ್ ತೆಗೆದಿಟ್ಟು, ಹುಣ್ಣು ಮಾಯ್ದ ಮೇಲೆ ಹೋಗುವುದು. ಆಗ ಎಲ್ಲಿ ಒತ್ತುತ್ತಿದೆ ಎಂದು ಯಾರಿಗೂ ಕಾಣುವುದಿಲ್ಲ. ನೋವಿದ್ದಾಗ ತೆಗೆದಿಡಲಿ, ಆದರೆ ಹೋಗುವ ಹಿಂದಿನ ದಿನ ಹಾಕಿಕೊಂಡಿರಲಿ. ಸರಿಪಡಿಸಿದ ಮೇಲೂ ಎರಡು ವಾರದಲ್ಲಿ ಮಾಯದ ಹುಣ್ಣನ್ನು ಸೆಟ್‌ನ ತಲೆಗೆ ಕಟ್ಟಬೇಡಿ. ಬಾಯಿಯ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಎಲೆ-ಅಡಿಕೆ, ಹೊಗೆಸೊಪ್ಪು ಹಾಕುವವರಾದರೆ ಇನ್ನೂ ಬೇಗ.

ಸೆಟ್‌ನ ಎತ್ತರ ತಿಳಿಯಲು ಇನ್ನೊಂದು ಪರೀಕ್ಷೆ: ಅಮ್ಮನಿಂದ ‘ಸೊಸೆ ಸಾಸಿವೆ ಸಾರು ಮಾಡಿದಳು’ ಎಂದು ಹೇಳಿಸಿ. ‘ಸ’ ಅನ್ನುವಾಗ ಮೇಲಿನ ಕೆಳಗಿನ ಹಲ್ಲು ಹತ್ತಿರ ಬರಬೇಕು, ತಾಗಬಾರದು. ಸೆಟ್ ಗಟ್ಟಿಯಾಗಿ ಕೂತಿದ್ದೂ ಹಲ್ಲುಗಳು ಟಕ್ ಟಕ್ ಎಂದರೆ ಸೆಟ್ ಎತ್ತರವಾಗಿರಬಹುದು. ದವಡೆಗೆ ಬಿಡುವೇ ಸಿಗದೆ ಸಂಜೆಯ ಹೊತ್ತಿಗೆ ಮುಖವೆಲ್ಲ ನೋಯುತ್ತದೆ. ಇದು ಅಂಚು ಉಜ್ಜಿದರೆ ಹೋಗುವ ದೋಷವಲ್ಲ, ಹಲ್ಲುಗಳನ್ನೇ ಮತ್ತೆ ಜೋಡಿಸಬೇಕು. ಬರೀ ತೊದಲಿಕೆಯಾದರೆ ದಿನಕ್ಕೆ ಹದಿನೈದು ನಿಮಿಷ ಪೇಪರನ್ನು ಗಟ್ಟಿಯಾಗಿ ಓದಿದರೆ ಹೋಗುತ್ತದೆ.

ಊಟಕ್ಕೆ ನಮ್ಮವರ ಅದೃಷ್ಟ ಚೆನ್ನಾಗಿದೆ: ಮುದ್ದೆಯನ್ನು ಅಗಿಯುವಂತೆಯೇ ಇಲ್ಲ. ಇಡ್ಲಿ, ಪೊಂಗಲ್, ಹಿತಕಿದ ಬೇಳೆ ಸಾರು ಮೊದಲ ವಾರಗಳಿಗೆ ಸರಿ. ಚಪಾತಿಯನ್ನು ಸಾರಿನಲ್ಲಿ ನೆನೆಸಿ ತಿನ್ನಲಿ. ತುತ್ತನ್ನು ಎರಡು ಪಾಲು ಮಾಡಿ ಎರಡೂ ಕಡೆ ಒಟ್ಟಿಗೆ ಅಗಿಯಬೇಕು, ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಏಳುತ್ತದೆ. ಸೀಬೆಕಾಯಿ, ಜೋಳದ ತೆನೆಗಳನ್ನು ಮುಂಹಲ್ಲಿನಿಂದ ಕಚ್ಚುವುದು ಇನ್ನು ಇಲ್ಲ. ಸಂಕ್ರಾಂತಿಯ ಎಳ್ಳು-ಬೆಲ್ಲವಂತೂ ಬೇಡ, ಸೆಟ್ ಕೆಳಗೆ ಸಿಕ್ಕಿದ ಒಂದು ಎಳ್ಳು ಚಪ್ಪಲಿಯೊಳಗಿನ ಕಲ್ಲಿಗಿಂತ ಕಡೆ.

ಹಲ್ಲು ಕಿತ್ತ ಮೊದಲ ವರ್ಷ ದವಡೆಯ ಮೂಳೆ ಬೇಗ ಸವೆಯುತ್ತದೆ, ಆಮೇಲೂ ನಿಧಾನವಾಗಿ ಸವೆಯುತ್ತಲೇ ಇರುತ್ತದೆ. ಮೇಲಿನದಕ್ಕಿಂತ ಕೆಳಗಿನ ದವಡೆ ಹೆಚ್ಚು ಸವೆಯುತ್ತದೆ. ಸೆಟ್ ಬದಲಾಗುವುದಿಲ್ಲ, ಕೆಳಗಿನ ನೆಲ ಬದಲಾಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ತೋರಿಸಿ, ಸಡಿಲವಾದಾಗ ಒಳಬದಿಗೆ ಹೊಸ ಪದರ ಹಾಕಿಸಬೇಕು. ಇದಕ್ಕೆ ‘ರೀಲೈನ್’ ಎನ್ನುತ್ತಾರೆ. ಅಂಟುವ ಕ್ರೀಮು ಒಣ ಬಾಯಿಯವರಿಗೆ ಅನುಕೂಲ. ಕಡಲೆಕಾಳಿನಷ್ಟು ಮೂರು ಬೊಟ್ಟು ಸಾಕು. ಟ್ಯೂಬ್ ಬೇಗ ಬೇಗ ಖಾಲಿಯಾಗುತ್ತಿದ್ದರೆ ಬೇಕಿರುವುದು ಕ್ರೀಮಲ್ಲ, ರೀಲೈನ್. ಸತು ಬೆರೆತ ಕ್ರೀಮನ್ನು ವರ್ಷಗಟ್ಟಲೆ ಅತಿಯಾಗಿ ಬಳಸಿದವರಿಗೆ ನರದ ತೊಂದರೆ ಬಂದದ್ದಿದೆ.

ಇಷ್ಟೆಲ್ಲ ಆದರೂ ನಿಲ್ಲದಿದ್ದರೆ ಕೆಳದವಡೆಯ ಮುಂಭಾಗದಲ್ಲಿ ಎರಡು ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ತಿರುಪು) ಹಾಕಿಸಿ, ಸೆಟ್ಟನ್ನು ಅದರ ಮೇಲೆ ಟಿಚ್ ಬಟನ್‌ನಂತೆ ಕೂರಿಸಬಹುದು. ಹಲ್ಲಿಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕೆಂದು 2002ರಲ್ಲೇ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದ್ದರು. ಸಕ್ಕರೆ ಹತೋಟಿಯಲ್ಲಿದ್ದರೆ ಅಮ್ಮನಿಗೂ ಆಗಬಹುದು. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಅದನ್ನು ಮೊದಲೇ ಹೇಳಲೇಬೇಕು. ಕೆಲವು ಮದ್ದುಗಳಿಂದ ದವಡೆಯ ಗಾಯ ಮಾಯದೆ ಉಳಿಯುವ ಅಪಾಯವಿದೆ.

ಪ್ರಶ್ನೆ (ಯಲಹಂಕ): ಕೆಳಗೆ ಬಲಗಡೆ ಕೊನೆಯ ಮೂರು ಹಲ್ಲಿಲ್ಲ. ಒಬ್ಬರು ‘ಫ್ಲೆಕ್ಸಿಬಲ್ (ಬಾಗುವ ಪ್ಲಾಸ್ಟಿಕ್ಕಿನ ಸೆಟ್) ಹಾಕಿಸಿ, ಕ್ಲಿಪ್ ಕಾಣಲ್ಲ’ ಎಂದರು. ಇನ್ನೊಬ್ಬರು ಲೋಹದ್ದು ಎನ್ನುತ್ತಾರೆ, ಅದರ ಕಂಬಿ ಎಡಗಡೆಗೂ ಹೋಗುತ್ತದಂತೆ. ಬಲಗಡೆ ಹಲ್ಲಿಗೆ ಎಡಗಡೆ ಕಂಬಿ ಯಾಕೆ?

ಉತ್ತರ: ಹಿಂದೆ ಆಧಾರಕ್ಕೆ ಹಲ್ಲಿಲ್ಲದ್ದರಿಂದ ಬ್ರಿಡ್ಜ್, ಅಂದರೆ ಎರಡೂ ಬದಿಯ ಹಲ್ಲಿಗೆ ಅಂಟಿಸಿ ಕೂರಿಸುವ ಹಲ್ಲು, ಆಗದು. ಇಂಪ್ಲಾಂಟ್ ಬೇಡವಾದರೆ ಉಳಿಯುವುದು ತೆಗೆದು ಹಾಕುವ ಸೆಟ್. ಕೋಬಾಲ್ಟ್-ಕ್ರೋಮಿಯಂ ಲೋಹದ ಸೆಟ್‌ನಲ್ಲಿ ಪಕ್ಕದ ಹಲ್ಲಿನ ಮೇಲೆ ಕೂರುವ ಚಿಕ್ಕ ಆಸರೆ ಇರುತ್ತದೆ. ಅಗಿಯುವ ಭಾರದಲ್ಲಿ ಒಂದು ಪಾಲನ್ನು ಅದು ಹೊರುತ್ತದೆ. ಸಾಮಾನ್ಯ ಫ್ಲೆಕ್ಸಿಬಲ್‌ನಲ್ಲಿ ಅದಿಲ್ಲ. ಭಾರವೆಲ್ಲ ವಸಡಿಗೆ ಬಿದ್ದು ಸೆಟ್ ಇಳಿಯುತ್ತಾ ಹೋಗುತ್ತದೆ, ಅದಕ್ಕೆ ರೀಲೈನ್ ಮಾಡುವುದೂ ಕಷ್ಟ. ನೋಡಲು ಚೆಂದ ನಿಜ. ಆದರೆ ನಿಮ್ಮದು ನಕ್ಕರೆ ಕಾಣುವ ಜಾಗವೇ ಅಲ್ಲ.

ಎಡಗಡೆಯ ಕಂಬಿ ತಕ್ಕಡಿ ಅಲುಗಾಡದಿರಲಿ ಎಂದು. ಒಂದೇ ಕಡೆಯ ತುಂಡು ಸೆಟ್ ಅಗಿಯುವಾಗ ಓಲಾಡುತ್ತದೆ, ನಿದ್ದೆಯಲ್ಲೋ ಊಟದಲ್ಲೋ ಗಂಟಲಿಗೆ ಇಳಿಯುವ ಅಪಾಯವೂ ಇದೆ. ಲೋಹದ್ದನ್ನೇ ಮಾಡಿಸಿ. ತಡ ಮಾಡಬೇಡಿ, ಎದುರು ಹಲ್ಲಿಲ್ಲದೆ ಮೇಲಿನ ಹಲ್ಲುಗಳು ಖಾಲಿ ಜಾಗಕ್ಕೆ ಇಳಿಯತೊಡಗುತ್ತವೆ.

ಪ್ರಶ್ನೆ (ಚಾಮರಾಜಪೇಟೆ): ಸೆಟ್ ಮೇಲೆ ಬಿಳಿ ಗಾರೆಯಂಥದ್ದು ಕಟ್ಟಿದೆ. ಪೇಸ್ಟ್ ಹಾಕಿ ಉಜ್ಜುತ್ತೇನೆ, ಹೋಗಲ್ಲ. ಬಿಸಿನೀರಿನಲ್ಲಿ ಕುದಿಸಬಹುದೇ?

ಉತ್ತರ: ಕುದಿಸಿದರೆ ಸೆಟ್‌ನ ಅಕ್ರಿಲಿಕ್ ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ, ಮತ್ತೆ ಬಾಯಿಗೆ ಕೂರುವುದಿಲ್ಲ. ಪೇಸ್ಟ್‌ನಲ್ಲಿ ತರಿ ಇರುತ್ತದೆ, ಗೀರು ಬಿದ್ದು ಕಾಫಿಯ ಕಲೆ ಗೀರಿನಲ್ಲೇ ಕೂರುತ್ತದೆ. ಬಿಳಿ ಪದರ ಎಂಜಲಿನ ಸುಣ್ಣದಂಶದ್ದು, ಬೋರ್‌ವೆಲ್ ನೀರಿನಲ್ಲಿ ನೆನೆಸಿಟ್ಟರೆ ಅದಕ್ಕೆ ಇನ್ನಷ್ಟು ಸೇರುತ್ತದೆ. ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ ಅರ್ಧ ಗಂಟೆ ನೆನೆಸಿ, ಮೆತ್ತನೆ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಇದು ಲೋಹವಿಲ್ಲದ ಸೆಟ್‌ಗೆ ಮಾತ್ರ. ಹೋಗದಿದ್ದರೆ ಕ್ಲಿನಿಕ್‌ನಲ್ಲಿ ತೆಗೆಸಿ, ಚಾಕುವಿನಿಂದ ಕೆರೆಯಬೇಡಿ. ದಿನಾ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸಾಕು. ತೊಳೆಯುವಾಗ ಸಿಂಕ್‌ನಲ್ಲಿ ನೀರು ನಿಲ್ಲಿಸಿ ಅಥವಾ ಟವೆಲ್ ಹಾಸಿ, ಸೆಟ್‌ಗಳು ಒಡೆಯುವುದು ಬಾಯಿಗಿಂತ ಸಿಂಕ್‌ನಲ್ಲೇ ಹೆಚ್ಚು.

ರಾತ್ರಿ ತೆಗೆದು ಕುಡಿಯುವ ನೀರಿನಲ್ಲಿಡಿ. ಹಾಕಿಕೊಂಡೇ ಮಲಗುವವರ ಅಂಗುಳು ನೋವಿಲ್ಲದೆ ಕೆಂಪಾಗುತ್ತದೆ. ಅದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಕೆಲಸ. ಬಾಯಿಗೆ ಮಾತ್ರ ಮದ್ದು ಹಚ್ಚಿ ಸೆಟ್ಟನ್ನು ಬಿಟ್ಟರೆ ಮತ್ತೆ ಬರುತ್ತದೆ.

ಪ್ರಶ್ನೆ (ರಾಜಾಜಿನಗರ): ತಂದೆಯವರ ಮೇಲಿನ ಸೆಟ್ ನಡುವೆ ಸೀಳಿದೆ. ಫೆವಿಕ್ವಿಕ್ ಹಾಕಬಹುದೇ?

ಉತ್ತರ: ಬೇಡ. ಗೋಂದು ಸಂದಿಯಲ್ಲಿ ಒಣಗಿದರೆ ತುಂಡುಗಳು ಮತ್ತೆ ಸರಿಯಾಗಿ ಕೂಡುವುದಿಲ್ಲ, ಲ್ಯಾಬ್‌ನವರು ಕೈಚೆಲ್ಲುತ್ತಾರೆ. ಎಲ್ಲ ಚೂರುಗಳನ್ನೂ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ಚೂರು ಪೂರ್ತಿ ಇದ್ದರೆ ಸಾಮಾನ್ಯವಾಗಿ ಒಂದು ದಿನದ ಕೆಲಸ. ಆದರೆ ನಡುವೆಯೇ ಸೀಳಿದೆಯೆಂದರೆ ಎರಡೂ ಬದಿಯ ಮೂಳೆ ಸವೆದು ಸೆಟ್ ಅಂಗುಳಿನ ನಡುವಿನ ಏಣಿನ ಮೇಲೆ ಓಲಾಡುತ್ತಿರಬಹುದು. ಜೋಡಿಸಿದ ಮೇಲೆ ರೀಲೈನ್ ಬೇಕೇ ಎಂದು ಕೇಳಿ, ಇಲ್ಲದಿದ್ದರೆ ಅದೇ ಗೆರೆಯಲ್ಲಿ ಮತ್ತೆ ಸೀಳುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ದಂತಭಾಗ್ಯ ಯೋಜನೆಯ ಉಚಿತ ಸೆಟ್ ಬಗ್ಗೆ ವಿಚಾರಿಸಿ. ಹಳೆಯ ಸೆಟ್ಟನ್ನೂ ಒಯ್ಯಿರಿ, ಹೊಸದರ ಹಲ್ಲಿನ ಎತ್ತರ ಗೊತ್ತುಮಾಡಲು ಅದು ಬೇಕಾಗುತ್ತದೆ.