ಎದೆಮೂಳೆಯ ಹಿಂದಿನ ಥೈಮಸ್

ಪ್ರಶ್ನೆ: ನಾಲ್ಕು ತಿಂಗಳ ಮಗುವಿಗೆ ಕೆಮ್ಮೆಂದು ಎದೆಯ ಎಕ್ಸ್‌ರೇ ತೆಗೆಸಿದೆವು. ಹೃದಯದ ಮೇಲೆ ಅಗಲವಾದ ನೆರಳಿದೆ. ‘ಅದು ಥೈಮಸ್, ಚಿಂತೆ ಬೇಡ’ ಎಂದರು ವೈದ್ಯರು. ಅಷ್ಟು ದೊಡ್ಡದಿರುತ್ತದೆಯೆ?

ಉತ್ತರ: ಇರುತ್ತದೆ. ಥೈಮಸ್ ಎದೆಮೂಳೆಯ ಹಿಂಬದಿಗೆ, ಹೃದಯದ ಹೊರಚೀಲ ಮತ್ತು ದೊಡ್ಡ ರಕ್ತನಾಳಗಳ ಮುಂದೆ ಇರುವ ಗ್ರಂಥಿ; ರೋಗದ ವಿರುದ್ಧ ಹೋರಾಡುವ ಟಿ ಕಣಗಳು (ಬಿಳಿ ರಕ್ತಕಣಗಳ ಒಂದು ಬಗೆ) ಬೆಳೆಯುವುದು ಇಲ್ಲೇ. ಪಕ್ಕಪಕ್ಕದಲ್ಲಿ ಅಂಟಿಕೊಂಡ ಎರಡು ಹಾಲೆಗಳು, ಅವು ಸಮವಾಗಿರಲೇಬೇಕೆಂದಿಲ್ಲ. ಹುಟ್ಟಿದಾಗ ತೂಕ 10–15 ಗ್ರಾಂ, ಹರೆಯಕ್ಕೆ ಬರುವ ಹೊತ್ತಿಗೆ 30–40 ಗ್ರಾಂ. ಆದರೆ ಎದೆಗೂಡಿನ ಅಳತೆಗೆ ಹೋಲಿಸಿದರೆ ಎಳೆಮಗುವಿನಲ್ಲೇ ಅದು ದೊಡ್ಡದು. ಉಸಿರು ಬಿಟ್ಟಾಗ ತೆಗೆದ ಫಿಲ್ಮಿನಲ್ಲಂತೂ ಇನ್ನೂ ಅಗಲ ಕಾಣುತ್ತದೆ. ಅಂಗ ಮೆತ್ತಗಿರುವುದರಿಂದ ಪಕ್ಕೆಲುಬುಗಳು ಒತ್ತಿ ಅಂಚು ಅಲೆಅಲೆಯಾಗುತ್ತದೆ. ಬಲಗಡೆ ಕೆಲವೊಮ್ಮೆ ಹಾಯಿಪಟದಂತೆ ಮೂಲೆ ಚಾಚುತ್ತದೆ. ಸಹಜ ಥೈಮಸ್ ಶ್ವಾಸನಾಳವನ್ನು ಒತ್ತುವುದಿಲ್ಲ, ಪಕ್ಕಕ್ಕೆ ತಳ್ಳುವುದಿಲ್ಲ. ನಾಳ ಸರಿದಿದ್ದರೆ ಅಥವಾ ಕಿರಿದಾಗಿದ್ದರೆ ಮಾತ್ರ ಅಲ್ಟ್ರಾಸೌಂಡ್‌ನಂಥ ಮುಂದಿನ ಪರೀಕ್ಷೆ ಬೇಕಾಗುತ್ತದೆ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಈ ನೆರಳನ್ನೇ ಕಾಯಿಲೆಯೆಂದುಕೊಂಡು ಶಿಶುಗಳಿಗೆ ವಿಕಿರಣ ಕೊಟ್ಟದ್ದೂ ಉಂಟು. ಮುಂದೆ ಅವರಲ್ಲಿ ಹಲವರಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು.

ಪ್ರಶ್ನೆ: ಸೂಕ್ಷ್ಮದರ್ಶಕದಲ್ಲಿ ಸ್ಲೈಡ್ ನೋಡುವಾಗ ಥೈಮಸ್ ಯಾವುದು, ದುಗ್ಧಗ್ರಂಥಿ (ಲಿಂಫ್ ನೋಡ್) ಯಾವುದು ಎಂದು ಪ್ರತಿಸಲ ಗೊಂದಲ. ಗುರುತು ಹಿಡಿಯುವುದು ಹೇಗೆ?

ಉತ್ತರ: ಮೊದಲು ಕಡಿಮೆ ವರ್ಧನೆಯಲ್ಲಿ ನೋಡಿ. ಹೊರಕವಚದಿಂದ ಒಳಗಿಳಿದ ತಡಿಕೆಗಳು ಥೈಮಸನ್ನು 0.5ರಿಂದ 2 ಮಿ.ಮೀ. ಅಗಲದ ಕಿರುಹಾಲೆಗಳಾಗಿ ಸೀಳಿರುತ್ತವೆ. ಪ್ರತಿಯೊಂದರಲ್ಲೂ ಜೀವಕಣಗಳು ಕಿಕ್ಕಿರಿದ ಗಾಢ ಕಾರ್ಟೆಕ್ಸ್ ಹೊರಗೆ, ತಿಳಿ ಬಣ್ಣದ ಮೆಡುಲಾ ಒಳಗೆ. ತಡಿಕೆಗಳು ಇವೆರಡರ ಗಡಿಯಲ್ಲೇ ನಿಲ್ಲುವುದರಿಂದ ಮೆಡುಲಾ ಒಂದು ಕಿರುಹಾಲೆಯಿಂದ ಇನ್ನೊಂದಕ್ಕೆ ಹಬ್ಬಿರುತ್ತದೆ. ಅಡ್ಡ ಕೊಯ್ದಾಗ ಮಾತ್ರ ಬಿಡಿ ದ್ವೀಪದಂತೆ ಕಂಡು, ‘ಇದು ದುಗ್ಧಗ್ರಂಥಿಯ ಫಾಲಿಕಲ್’ (ಕಣಗಳ ದುಂಡು ಗುಂಪು) ಎಂಬ ಭ್ರಮೆ ಹುಟ್ಟಿಸುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ದುಗ್ಧಗ್ರಂಥಿಯಲ್ಲಿ ಕವಚದ ಕೆಳಗೆ ದುಗ್ಧರಸ (ಲಿಂಫ್) ಹರಿಯುವ ಸೈನಸ್ ಎಂಬ ಟೊಳ್ಳು ಜಾಗ ಇರುತ್ತದೆ. ಥೈಮಸ್‌ಗೆ ದುಗ್ಧರಸ ತರುವ ನಾಳಗಳೇ ಇಲ್ಲ, ಹಾಗಾಗಿ ಆ ಸೈನಸ್ಸೂ ಇಲ್ಲ.

ಖಚಿತಪಡಿಸಿಕೊಳ್ಳಲು ಮೆಡುಲಾದಲ್ಲಿ ಹ್ಯಾಸಲ್ ಕಾಯಗಳನ್ನು ಹುಡುಕಿ: ಚಪ್ಪಟೆ ಎಪಿಥೀಲಿಯಲ್ ಕಣಗಳು ಸುತ್ತುಸುತ್ತಾಗಿ ಜೋಡಿಸಿಕೊಂಡ ಗುಲಾಬಿ ಉಂಡೆಗಳು. ಒಂದು ಕಿರುಹಾಲೆಯಲ್ಲಿ ಸಿಗದಿದ್ದರೆ ಪಕ್ಕದ್ದಕ್ಕೆ ಸರಿಸಿ. ಕಾರ್ಟೆಕ್ಸ್‌ನಲ್ಲಿ ಅಲ್ಲಲ್ಲಿ ಕಾಣುವ ಬಿಳಿಚಿದ ಚುಕ್ಕೆಗಳು ಸತ್ತ ಟಿ ಕಣಗಳನ್ನು ನುಂಗುತ್ತಿರುವ ಮ್ಯಾಕ್ರೊಫೇಜ್‌ಗಳು. ಇಲ್ಲಿ ಬೆಳೆಯುವ ಟಿ ಕಣಗಳಲ್ಲಿ ಬಹುಪಾಲು ಆಯ್ಕೆಯಲ್ಲಿ ಉಳಿಯದೆ ಒಳಗೇ ಸಾಯುತ್ತವೆ.

ಪ್ರಶ್ನೆ: ವಯಸ್ಸಾದಂತೆ ಥೈಮಸ್ ಪೂರ್ತಿ ಮಾಯವಾಗುತ್ತದೆಯೆ?

ಉತ್ತರ: ಇಲ್ಲ, ಕೊಬ್ಬು ತುಂಬಿಕೊಳ್ಳುತ್ತದೆ, ನಡುವೆ ಗ್ರಂಥಿಯ ತುಣುಕುಗಳು ಉಳಿದಿರುತ್ತವೆ. ಸ್ನಾಯುಗಳು ಬಲಗುಂದುವ ಮಯಸ್ತೇನಿಯಾ ಗ್ರೇವಿಸ್ ಕಾಯಿಲೆಗೆ ಥೈಮಸ್ ತೆಗೆಯುವಾಗ ಸುತ್ತಲಿನ ಕೊಬ್ಬನ್ನೂ ತೆಗೆಯುವುದು ಇದೇ ಕಾರಣಕ್ಕೆ. ಆಗ ಎರಡೂ ಬದಿಯ ವಪೆಯ (ಉಸಿರಾಟದ ಮುಖ್ಯ ಸ್ನಾಯು) ನರಗಳಿಗೆ ಪೆಟ್ಟಾಗಬಾರದು. ಗ್ರಂಥಿಯ ಗಿಡ್ಡ ಸಿರೆಗಳು ಹಿಂದೆಯೇ ಹಾಯುವ ಎಡ ಬ್ರೇಕಿಯೊಸೆಫಾಲಿಕ್ ಎಂಬ ದೊಡ್ಡ ಸಿರೆಗೆ ಸೇರುತ್ತವೆ. ಎಳೆದರೆ ಹರಿದು ರಕ್ತ ಚಿಮ್ಮುತ್ತದೆ. ಆದ್ದರಿಂದ ಮೊದಲು ಅವನ್ನು ಕಟ್ಟಿ, ಆಮೇಲೆ ಕತ್ತರಿಸುತ್ತಾರೆ.