ನಂಬದ ತಮ್ಮ ಹೇಳಿಸಿದ ಹರಕೆ: ಒಂದು ಆಪ್ತಸಲಹೆ ಪ್ರಕರಣ

ಮೊದ್ಲೇ ಹೇಳಿಬಿಡ್ತೇನೆ, ಇದನ್ನು ಅವ್ರ ಒಪ್ಪಿಗೆ ತಗೊಂಡೇ ಬರೆದದ್ದು. ಊರು, ಕೆಲಸ, ವಯಸ್ಸು, ಮನೆಯ ವಿವರ ಎಲ್ಲ ಅಲ್ಲಲ್ಲಿ ಬದಲಾಯಿಸಿದ್ದೇನೆ, ಹಾಗಾಗಿ "ಓ ಇದು ನಮ್ಮ ಪಕ್ಕದ ಮನೆಯವ್ರು" ಅಂತ ಹುಡುಕ್ಲಿಕ್ಕೆ ಹೋಗ್ಬೇಡಿ, ಸಿಗುದಿಲ್ಲ. ಹೆಸರಿನ ಬದಲು ತಮ್ಮ, ಅಕ್ಕ ಅಂತಲೇ ಬರೀತೇನೆ.

ತಮ್ಮನಿಗೆ ನಲವತ್ತರ ಆಸುಪಾಸು. ಮಂಗಳೂರಲ್ಲಿ ಫ್ಲಾಟು, ಲೆಕ್ಕ ಬರೆಯುವ ಕೆಲಸ, ಹೆಂಡತಿ, ಎಂಟು ವರ್ಷದ ಮಗ. ತರವಾಡು ಮನೆ, ಅಂದ್ರೆ ಕುಟುಂಬದ ಮೂಲಮನೆ, ಉಡುಪಿ ಕಡೆ. ಕೂತ ಕೂಡ್ಲೇ ಕೇಳಿದ್ದು ಇದು: "ಮೇಡಂ, ದೇವರನ್ನು ನಂಬಿಕೊಂಡೇ ಇದ್ದಿದ್ರೆ ನಾನು ಇದಕ್ಕಿಂತ ಚೆನ್ನಾಗಿ ಇರ್ತಿದ್ನಾ? ಸೈಂಟಿಫಿಕ್ ಆಗಿ ಹೇಳಿ." ಇಷ್ಟು ದೊಡ್ಡ ಪ್ರಶ್ನೆ ಹಿಡ್ಕೊಂಡು ಯಾರೂ ಫೀಸು ಕೊಟ್ಟು ನಮ್ಮಲ್ಲಿಗೆ ಬರುದಿಲ್ಲ, ಅದರ ಅಡಿಯಲ್ಲಿ ಬೇರೆ ಎಂತದೋ ಇರ್ತದೆ. "ಹೇಳ್ತೇನೆ, ಆದ್ರೆ ಈಗ ಯಾಕೆ ಕೇಳ್ತಾ ಇದ್ದೀರಿ ಅಂತ ಮೊದ್ಲು ನೀವು ಹೇಳಿ" ಅಂದೆ.

ಹೇಳ್ಲಿಕ್ಕೆ ಸುಮಾರು ಹೊತ್ತು ಬೇಕಾಯ್ತು. ಕಾಲೇಜು ದಿನಗಳಿಂದಲೇ ನಾಸ್ತಿಕ ಇವ್ರು. ಎಚ್. ನರಸಿಂಹಯ್ಯ ಅಂದ್ರೆ ಹೀರೋ, 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ ಪವಾಡ ಪರೀಕ್ಷೆಗೆ ಸಮಿತಿ ಮಾಡಿದ್ರಲ್ಲ, ಅದರ ಕತೆ ಇವ್ರಿಗೆ ಬಾಯಿಪಾಠ. ಮನೆಯ ನೇಮಕ್ಕೆ, ಅಂದ್ರೆ ದೈವದ ಕೋಲಕ್ಕೆ, ಹೋಗುದು ಬಿಟ್ಟು ವರ್ಷಗಳಾಗಿವೆ, ನಾಗರ ಪಂಚಮಿಗೆ ನಾಗಬನದಲ್ಲಿ ನಾಗನಿಗೆ ಮಾಡುವ ತಂಬಿಲ ಪೂಜೆಗೂ ಇಲ್ಲ. ಅಪ್ಪ ಬೈದು ಬೈದು ಸುಸ್ತಾಗಿ ಸುಮ್ಮನಾದ್ರು. ಅಕ್ಕ ಮಾತ್ರ ಇವ್ರ ಪಾಲಿನ ದುಡ್ಡು ತಾನೇ ಹಾಕಿ, ಇವ್ರ ಹೆಸರಲ್ಲಿ ಪ್ರಸಾದ ತಂದು, ಹೆಂಡತಿಯ ಕೈಯಲ್ಲಿ ಕೊಟ್ಟು ಹೋಗುವವರು.

ಹೋದ ಮಳೆಗಾಲದಲ್ಲಿ ಮಗನಿಗೆ ಡೆಂಗಿ ಬಂತು. ಜ್ವರ ಇಳಿದ ದಿನ ಎಲ್ಲರೂ ಉಸಿರು ಬಿಟ್ರು, ಆದ್ರೆ ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ್ದು, ಕೆಲವರಿಗೆ ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಬೀಳ್ತದೆ. ಹುಡುಗನಿಗೆ ಹೊಟ್ಟೆನೋವು, ವಾಂತಿ, ಕೈಕಾಲು ತಣ್ಣಗೆ, ರಾತ್ರೋರಾತ್ರಿ ಐಸಿಯುಗೆ ಹಾಕಿದ್ರು. ಇದಕ್ಕೆ ಅಂತ ಪ್ರತ್ಯೇಕ ಔಷಧಿ ಇಲ್ಲ, ಡ್ರಿಪ್ ಲೆಕ್ಕ ಮಾಡಿ ಕೊಡ್ತಾ ಕಾಯುದು ಅಂತ ಡಾಕ್ಟ್ರು ಹೇಳಿದ್ರಂತೆ, ಆ "ಕಾಯುದು" ಅನ್ನುದೇ ಇವ್ರಿಂದ ಆಗ್ಲಿಲ್ಲ. ನಡುರಾತ್ರಿ ಎರಡು ಗಂಟೆಗೆ ಅಕ್ಕನಿಗೆ ಫೋನು. "ಅಕ್ಕಾ, ಕಟೀಲಿಗೆ ಎಂತಾದ್ರೂ ಹರಕೆ ಹೇಳು, ನನಗೆ ಆಗುದಿಲ್ಲ, ನೀನು ಹೇಳು." ಅಕ್ಕ ಅಲ್ಲೇ ನಿಂತಲ್ಲೇ ಕಟೀಲಿನ ದುರ್ಗಾಪರಮೇಶ್ವರಿಗೆ ತುಲಾಭಾರ ಹೇಳಿದ್ರು.

ಬೆಳಿಗ್ಗೆ ನೋಡಿದ್ರೆ ಆಸ್ಪತ್ರೆಯ ಹೊರಗೆ ಅಕ್ಕನ ಊರಿನ ಭಜನಾ ಮಂಡಳಿಯ ಹುಡುಗರು, ರಕ್ತ ಬೇಕಾದ್ರೆ ಇರ್ಲಿ ಅಂತ ಬೈಕಲ್ಲಿ ಬಂದು ನಿಂತಿದ್ದಾರೆ. ಇವ್ರಿಗೆ ಅವ್ರಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ.

ಹುಡುಗ ಹುಷಾರಾದ. ಮನೆಗೆ ಬಂದ ಸಂಜೆ ಅಕ್ಕ ಕುಟುಂಬದ ವಾಟ್ಸಾಪ್ ಗ್ರೂಪಲ್ಲಿ "ಕಟೀಲಮ್ಮ ಮಗುವನ್ನು ಕೈಬಿಡ್ಲಿಲ್ಲ" ಅಂತ ಹಾಕಿದ್ರು. ಅದರ ಕೆಳಗೆ ಈ ತಮ್ಮ ಒಂದು ಲಿಂಕ್ ಹಾಕಿದ್ರು: 2006ರಲ್ಲಿ ಅಮೆರಿಕದಲ್ಲಿ ಬಂದ ಅಧ್ಯಯನ, ಆರು ಆಸ್ಪತ್ರೆಗಳ 1,802 ಬೈಪಾಸ್ ರೋಗಿಗಳು, ಬೇರೆಯವರು ಪ್ರಾರ್ಥನೆ ಮಾಡಿದ್ದರಿಂದ ಏನೂ ಲಾಭ ಆಗ್ಲಿಲ್ಲ ಅನ್ನುದು. ಅಷ್ಟೇ ಅಲ್ಲ, "ನಿಮಗಾಗಿ ಪ್ರಾರ್ಥನೆ ನಡೀತಾ ಉಂಟು" ಅಂತ ಖಂಡಿತ ಗೊತ್ತಿದ್ದವರಲ್ಲಿ ನೂರಕ್ಕೆ 59 ಜನರಿಗೆ ತೊಂದರೆ ಬಂತು, ಗೊತ್ತಿಲ್ಲದವರಲ್ಲಿ 52ರ ಹತ್ತಿರ. ಅಂಕಿ ಸರಿಯೇ. ಅಕ್ಕ ಗ್ರೂಪಿಂದ ಲೆಫ್ಟ್.

ಮಾತು ಬಿಟ್ಟು ತಿಂಗಳುಗಳಾಗಿ, ಹರಕೆ ತೀರಿಸದೆ ಹಾಗೇ ಉಳಿದು, ಹೆಂಡತಿ "ಒಂದು ಸಲ ಹೋಗಿ ಬರುವ ಮಾರಾಯ್ರೆ" ಅಂತ ದಿನಾ ಅಂತಾ, ಇವ್ರು ಹಠ ಹಿಡಿದು, ಆದ್ರೆ ರಾತ್ರಿ ಎದ್ದು ಎದ್ದು ಮಗನ ಹಣೆ ಮುಟ್ಟಿ ನೋಡ್ಲಿಕ್ಕೆ ಶುರು ಮಾಡಿ, ನಿದ್ರೆ ಕೆಟ್ಟ ಮೇಲೆ ನನ್ನಲ್ಲಿಗೆ ಬಂದದ್ದು. ನಾಚಿಕೆ ಯಾವುದಕ್ಕೆ ಅಂದ್ರೆ, "ಅಷ್ಟು ವರ್ಷ ಎಲ್ಲರಿಗೂ ಉಪದೇಶ ಮಾಡಿ, ನನ್ನ ಮಗನ ಸರದಿ ಬಂದಾಗ ನಾನೂ ಅದನ್ನೇ ಮಾಡಿದೆ."

ಕೇಳಿದ ಪ್ರಶ್ನೆಗೆ ಉತ್ತರ ಕೊಡ್ಬೇಕಿತ್ತಲ್ಲ, ಕೊಟ್ಟೆ. ನಂಬುವವರು ಸರಾಸರಿಯಲ್ಲಿ ಸ್ವಲ್ಪ ಹೆಚ್ಚು ತೃಪ್ತರು ಅಂತ ತುಂಬ ಅಧ್ಯಯನಗಳಲ್ಲಿ ಬರ್ತದೆ ಹೌದು. ಆದ್ರೆ ಯಾಕೆ ಅಂತ ಬಿಡಿಸಿ ನೋಡಿದವರೂ ಇದ್ದಾರೆ. 2010ರಲ್ಲಿ ಲಿಮ್ ಮತ್ತು ಪಟ್ನಮ್ ಅನ್ನುವವರು ಅಮೆರಿಕದಲ್ಲಿ ನೋಡಿದ್ದು, ಚರ್ಚಿಗೆ ಹೋಗುವವರ ತೃಪ್ತಿ ಹೆಚ್ಚಿನ ಮಟ್ಟಿಗೆ ಅಲ್ಲಿ ಸಿಗುವ ಗೆಳೆಯರಿಂದ ಬರುವಂಥದ್ದು, ಒಬ್ಬನೇ ಹೋಗಿ ಒಬ್ಬನೇ ಬರುವವನಿಗೆ ಆ ಲಾಭ ಕಾಣುದಿಲ್ಲ. ಮರುವರ್ಷ ಡೀನರ್ ಮತ್ತು ಸಂಗಡಿಗರು ಬೇರೆ ಬೇರೆ ದೇಶಗಳನ್ನು ಹೋಲಿಸಿದ್ರು: ಬದುಕು ಕಷ್ಟ ಇರುವ, ಹೆಚ್ಚಿನವರು ನಂಬುವ ದೇಶಗಳಲ್ಲಿ ನಂಬುವವರಿಗೆ ಅನುಕೂಲ, ಊಟ ಆರೋಗ್ಯ ಭದ್ರತೆ ಎಲ್ಲ ಇರುವಲ್ಲಿ ನಂಬುವವರಿಗೂ ನಂಬದವರಿಗೂ ಹೆಚ್ಚು ವ್ಯತ್ಯಾಸ ಇಲ್ಲ. ನಮ್ಮ ದೇಶದಲ್ಲಿ ದೇವರನ್ನು ನಂಬ್ತೇವೆ ಅನ್ನುವವರು ನೂರಕ್ಕೆ 97, 2021ರಲ್ಲಿ ಪ್ಯೂ ಸಂಸ್ಥೆ ಕೊಟ್ಟ ಲೆಕ್ಕ. ಅಂದ್ರೆ ಸ್ವೀಡನ್ನಿನ ನಾಸ್ತಿಕನಿಗೆ ಸುತ್ತಲೂ ಅವನಂಥವರೇ, ಉಡುಪಿಯ ನಾಸ್ತಿಕ ಯಕ್ಷಗಾನ ಆಟಕ್ಕೂ ಹೋಗ್ಲಿಕ್ಕಿಲ್ಲ, ನೇಮಕ್ಕೂ ಇಲ್ಲ, ಕಡೆಗೆ ಮದುವೆ ಮನೆಯಲ್ಲೂ ಚರ್ಚೆ ಮಾಡಿ ಬರ್ತಾನೆ.

ಅವ್ರು ನಕ್ಕರು. "ಹಾಗಾದ್ರೆ ನೀವು ನಂಬ್ತೀರಾ?" ಅಂತ ಕೇಳಿದ್ರು. ಇದು ಎಲ್ಲರೂ ಕೇಳುದೇ. ನನ್ನ ರೂಮಲ್ಲಿ ದೇವರ ಫೋಟೋ ಇಲ್ಲ ಅಂತ ಕೆಲವರು ನನ್ನನ್ನು ನಾಸ್ತಿಕಳು ಮಾಡಿದ್ದಾರೆ, ಕುಂಕುಮ ನೋಡಿ ಇನ್ನು ಕೆಲವರು ಭಕ್ತೆ ಮಾಡಿದ್ದಾರೆ, ನಾನು ಎರಡನ್ನೂ ತಿದ್ಲಿಕ್ಕೆ ಹೋಗುದಿಲ್ಲ. ನಾನು ನಂಬುದು ಬಿಡುದು ಗೊತ್ತಾದ್ರೆ ಎದುರು ಕೂತವರು ತಮ್ಮ ಮಾತು ಬಿಟ್ಟು ನನ್ನ ಹತ್ರ ವಾದ ಮಾಡ್ಲಿಕ್ಕೆ ಶುರು ಮಾಡ್ತಾರೆ.

ಆ ರಾತ್ರಿಯ ವಿಷಯಕ್ಕೆ ಬಂದೆವು. ನಾನು ಕೇಳಿದ್ದು ಇಷ್ಟೇ, ಫೋನ್ ಮಾಡಿದ್ದು ಯಾರಿಗೆ? ಅಕ್ಕನಿಗೆ. ಅಮ್ಮ ಬೇಗ ತೀರಿಹೋದ ಮನೆ, ಇವ್ರನ್ನು ಸಾಕಿದ್ದೇ ಅಕ್ಕ, ಚಿಕ್ಕಂದಿನಲ್ಲಿ ಜ್ವರ ಬಂದ್ರೆ ಅರಶಿನ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಮುಡಿಪು ಇಡ್ತಿದ್ದದ್ದು ಅಕ್ಕನೇ. ಹೆದರಿದ ಮನುಷ್ಯ ತಾನು ಹಿಂದೆ ಯಾರ ಹತ್ರ ಹೋದ್ರೆ ಹೆದರಿಕೆ ಕಮ್ಮಿ ಆಗ್ತಿತ್ತೋ ಅವ್ರ ಹತ್ರವೇ ಹೋಗುದು. ಸುಮಾರು ಹೊತ್ತು ಅತ್ತರು. ಆಮೇಲೆ, "ಅಂದ್ರೆ ನನಗೆ ಒಳಗೆ ನಂಬಿಕೆ ಉಂಟು ಅಂತಲಾ?" ಈಗ ಹಗಲು ಹನ್ನೊಂದು ಗಂಟೆ, ಮಗ ಶಾಲೆಯಲ್ಲಿ ಆರಾಮ ಇದ್ದಾನೆ, ಈಗ ಹೇಳಿ, ದೇವರು ಉಂಟಾ ಅಂತ ಕೇಳಿದೆ. "ಇಲ್ಲ" ಅಂದ್ರು, ಯೋಚನೆ ಮಾಡ್ಲೇ ಇಲ್ಲ. ಹಾಗಾದ್ರೆ ಅದೇ ನಿಮ್ಮ ಉತ್ತರ, ಐಸಿಯು ಹೊರಗೆ ನಿಂತವನ ಮಾತನ್ನು ಸಾಕ್ಷಿ ಅಂತ ತಗೊಳ್ಬೇಡಿ. ಮಗು ಕಳಕೊಂಡ ಭಕ್ತರು ದೇವರ ಫೋಟೋ ಒಡೆದು ಹಾಕಿದ್ದನ್ನೂ ನಾನು ಕೇಳಿದ್ದೇನೆ, ಆಮೇಲೆ ಅವ್ರು ನಾಸ್ತಿಕರಾಗ್ಲಿಲ್ಲ.

ಹಣೆ ಮುಟ್ಟಿ ನೋಡುದು ಬೇರೆಯೇ ವಿಷಯ. ಐಸಿಯು ಕಂಡ ಅಪ್ಪ ಅಮ್ಮಂದಿರಲ್ಲಿ ಇದು ಸಾಮಾನ್ಯ. ಆದ್ರೆ ಇವ್ರಲ್ಲಿ "ಹರಕೆ ತೀರಿಸದ ಕಾರಣ ಪುನಃ ಬಂದ್ರೆ" ಅನ್ನುವ ಯೋಚನೆಯೂ ಸೇರಿತ್ತು, ಅದನ್ನು ಬಾಯಿಬಿಟ್ಟು ಹೇಳ್ಲಿಕ್ಕೂ ಮರ್ಯಾದೆ ಅಡ್ಡ. ಮಲಗುವ ಮೊದ್ಲು ಒಂದೇ ಸಲ ನೋಡಿ, ಮತ್ತೆ ಏಳ್ಬೇಕು ಅನ್ನಿಸಿದ್ರೆ ಹತ್ತು ನಿಮಿಷ ತಡೀರಿ ಅಂತ ಅಭ್ಯಾಸ ಕೊಟ್ಟೆ. ಕಮ್ಮಿ ಆಗದಿದ್ರೆ ಮನೋವೈದ್ಯರ ಹತ್ರ ಹೋಗ್ಲೇಬೇಕು ಅಂತಲೂ ಹೇಳಿದೆ. ಹೋಗುವ ಅಗತ್ಯ ಬರ್ಲಿಲ್ಲ.

ಹೆಚ್ಚು ಹೊತ್ತು ಹೋದದ್ದು ಹರಕೆಗೇ. ಅವ್ರ ವಾದ, "ಹೋದ್ರೆ ನಾಟಕ, ಹೋಗದಿದ್ರೆ ಕ್ರೂರಿ." ನಾನು ಹೇಳಿದ್ದು, ಮೊದ್ಲೇ ಹೇಳಿ ಹೋದ್ರೆ ಅದು ನಾಟಕ ಆಗುದಿಲ್ಲ. ಅಕ್ಕ ದೇವರಿಗೆ ಮಾತು ಕೊಟ್ಟಿದ್ದಾರೆ, ಅದು ಅವ್ರದ್ದು. ಆದ್ರೆ ಕೊಡ್ಲಿಕ್ಕೆ ಹೇಳಿದ್ದು ನೀವು, ಅದು ನಿಮ್ಮದು. ಆ ಪಾಲನ್ನು ತೀರಿಸ್ಲಿಕ್ಕೆ ನೀವು ಭಕ್ತ ಆಗ್ಬೇಕಂತ ಇಲ್ಲ. ಅಕ್ಕನಿಗೆ ಎಂತ ಹೇಳ್ಬೇಕು ಅಂತ ಕೂತು ಬರೆದೆವು, ನಾಕು ಸಲ ಹೊಡೆದುಹಾಕಿ ಕಡೆಗೆ ಉಳಿದದ್ದು ಇದು: "ಅಕ್ಕಾ, ಗ್ರೂಪಲ್ಲಿ ಹಾಗೆ ಹಾಕಿದ್ದು ನನ್ನ ತಪ್ಪು. ಆ ರಾತ್ರಿ ನಿನ್ನಿಂದ ಹೇಳಿಸಿದ್ದು ನಾನೇ, ಅದನ್ನು ಇಲ್ಲ ಅನ್ನುದಿಲ್ಲ. ನನಗೆ ಈಗಲೂ ನಂಬಿಕೆ ಇಲ್ಲ. ಮಗನನ್ನು ಕರ್ಕೊಂಡು ಬರ್ತೇನೆ, ನೀನು ತೀರಿಸು, ಸಂಕಲ್ಪಕ್ಕೆ ಮಾತ್ರ ನನ್ನನ್ನು ಕೂರಿಸ್ಬೇಡ." ತುಳುವಿನಲ್ಲಿ ಹೇಳಿ ಅಂದೆ, ಕನ್ನಡದಲ್ಲಿ ಹೇಳಿದ್ರೆ ನೋಟಿಸ್ ಕೊಟ್ಟ ಹಾಗೆ ಆಗ್ತದೆ.

ನರಸಿಂಹಯ್ಯ ಹೀಗೆ ಮಾಡ್ತಿದ್ರಾ ಅಂತ ಅವ್ರಿಗೊಂದು ಸಂಶಯ. ಆ ಸಮಿತಿ ಇದ್ದದ್ದು ನನಗೆ ಪವಾಡದ ಶಕ್ತಿ ಉಂಟು ಅಂತ ಊರಿಗೆಲ್ಲ ಹೇಳುವವರನ್ನು ಪರೀಕ್ಷೆ ಮಾಡ್ಲಿಕ್ಕೆ, ನಿಮ್ಮ ಅಕ್ಕ ಅಂಥ ಯಾವ ಶಕ್ತಿಯನ್ನೂ ಹೇಳ್ಕೊಳ್ಳಿಲ್ಲ, ಅವ್ರು ಹೆದರಿದ್ದು ಮಾತ್ರ ಅಂದೆ. ಮತ್ತೆ ಆ ಬೈಪಾಸ್ ಅಧ್ಯಯನ ಉಂಟಲ್ಲ, ಅದರಲ್ಲಿ ಪ್ರಾರ್ಥನೆ ಮಾಡಿದವರು ರೋಗಿಗಳ ಮುಖ ನೋಡದ ಅಪರಿಚಿತರು. ಅಂಥ ಪ್ರಾರ್ಥನೆಯಿಂದ ಆ ರೋಗಿಗಳ ತೊಂದರೆ ಕಮ್ಮಿ ಆಗ್ಲಿಲ್ಲ ಅಂತ ಅದು ತೋರಿಸಿದ್ದು, ಅಕ್ಕನ ಬಾಯಿ ಮುಚ್ಚಿಸ್ಲಿಕ್ಕೆ ಅದನ್ನು ಮಾಡಿದ್ದಲ್ಲ.

ಮಗನಿಗೆ ಎಂತ ಹೇಳುದು ಅನ್ನುವ ಚಿಂತೆ ನಿಜವಾದ್ದು, ಅದನ್ನು ನಾನೂ ಹಗುರ ಮಾಡ್ಲಿಲ್ಲ. ಡಾಕ್ಟ್ರು ನರ್ಸುಗಳು ರಾತ್ರಿಯಿಡೀ ಡ್ರಿಪ್ ನೋಡಿ ನಿನ್ನನ್ನು ಉಳಿಸಿದ್ರು, ಅತ್ತೆ ಹೆದರಿ ದೇವಿಗೆ ಹೇಳಿಕೊಂಡ್ರು, ಅತ್ತೆ ನಂಬ್ತಾರೆ, ನಾನು ನಂಬುದಿಲ್ಲ, ದೊಡ್ಡವನಾದ ಮೇಲೆ ನೀನೇ ನೋಡು, ಇಷ್ಟು ಹೇಳಿದ್ರೆ ಎಂಟು ವರ್ಷದವನಿಗೆ ಅರ್ಥ ಆಗ್ತದೆ. ಅತ್ತೆ ಹೇಳುದು ಸುಳ್ಳು ಅಂತ ಮಾತ್ರ ಸೇರಿಸ್ಬೇಡಿ.

ಒಂದು ಕಡೆ ಮಾತ್ರ ನಾನು ಬಗ್ಗಬೇಡಿ ಅಂದೆ. ನಡುವಿನಲ್ಲಿ ಭಾವ ಒಬ್ಬ ಜ್ಯೋತಿಷಿಯ ಹತ್ರ ಪ್ರಶ್ನೆ ಇಡಿಸಿದ್ರು. ಅಕ್ಕನಿಗೆ ಮಕ್ಕಳಾಗದ್ದು, ಹುಡುಗನ ಜ್ವರ, ಎರಡಕ್ಕೂ ಇವ್ರು ತಂಬಿಲಕ್ಕೆ ಬರದ್ದೇ ಕಾರಣ ಅಂತ ಕಂಡು, ಪರಿಹಾರಕ್ಕೆ ದೊಡ್ಡ ಪಟ್ಟಿ ಬಂತು. ಕಾಯಿಲೆಯನ್ನು ದೇವರ ಶಿಕ್ಷೆ ಅಂತ ತಿಳಿದವರು ಹೆಚ್ಚು ಕುಸಿದು ಹೋಗ್ತಾರೆ, ಇದನ್ನು ಕೆನೆತ್ ಪಾರ್ಗಮೆಂಟ್ ಅನ್ನುವ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದ್ದಾರೆ. ಅಕ್ಕನನ್ನೂ ಕರೆಸಿ ಮಾತಾಡಿದೆ. ನಾಗ ಇಲ್ಲ ಅಂತ ನಾನು ಹೇಳ್ಲಿಲ್ಲ, ಹೇಳುವ ಅಧಿಕಾರವೂ ನನಗಿಲ್ಲ. ನೀವು ನಂಬುವ ನಾಗ ಅಪ್ಪನ ಮೇಲಿನ ಸಿಟ್ಟನ್ನು ಮಗುವಿನ ಮೇಲೆ ತೀರಿಸ್ತದಾ ಅಂತ ಕೇಳಿದೆ. ಅಕ್ಕ ಥಟ್ಟಂತ ಹೇಳಿದ್ರು, "ನನ್ನ ಅಮ್ಮ ಇದ್ದಿದ್ರೆ ಆ ಜ್ಯೋತಿಷಿಗೆ ಸರೀ ಬೈತಿದ್ರು." ನನಗೆ ಈ ಹೆಂಗಸಿನ ಮೇಲೆ ಗೌರವ ಬಂದದ್ದು ಅಲ್ಲಿ. ಅವ್ರ ಭಕ್ತಿಯಲ್ಲಿ ಹೆದರಿಕೆಗಿಂತ ಪ್ರೀತಿ ಜಾಸ್ತಿ ಇತ್ತು. ಪಟ್ಟಿ ಹಾಗೇ ಉಳೀತು. ಬನಕ್ಕೆ ಕಾಂಕ್ರೀಟ್ ಹಾಕುದು ಬೇಡ, ಮರ ಇರ್ಲಿ ಅನ್ನುದರಲ್ಲಿ ಅಕ್ಕ ತಮ್ಮ ಇಬ್ಬರದ್ದೂ ಒಂದೇ ಮಾತು ಅಂತಲೂ ಅವತ್ತೇ ಗೊತ್ತಾದದ್ದು, ತಮ್ಮ ಅದಕ್ಕೆ ದುಡ್ಡು ಕೊಡ್ತೇನೆ ಅಂದ್ರು.

ಇನ್ನೊಂದು ಸಲಹೆ ಕೊಟ್ಟೆ, ಪುನಃ ಆಟ ನೋಡ್ಲಿಕ್ಕೆ ಹೋಗಿ. ಯಕ್ಷಗಾನದ ಹುಚ್ಚು ಇದ್ದ ಮನುಷ್ಯ, ಎಲ್ಲ ದೇವರಿಗೆ ಹರಕೆ ಹೇಳಿ ಆಡಿಸುವ ಆಟವೇ ಅಲ್ವಾ ಅಂತ ಬಿಟ್ಟಿದ್ರು. ಕೋಟದ ಶಿವರಾಮ ಕಾರಂತರು ದೇವರನ್ನು ನಂಬದೆಯೂ ಯಕ್ಷಗಾನಕ್ಕೆ ಎಷ್ಟು ವರ್ಷ ಮೈಮುರಿದು ದುಡಿದ್ರು. ಆಟಕ್ಕೆ ಮೊದ್ಲು ವೇಷ ಕಟ್ಟುವ ಚೌಕಿಯಲ್ಲಿ ಆಗುವ ಪೂಜೆಗೆ ಕೈಮುಗೀಬೇಕಂತ ಯಾರೂ ನಿಮ್ಮನ್ನು ಹಿಡಿದು ನಿಲ್ಲಿಸುದಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಬಂದ ಆ ಹುಡುಗರ ಹೆಸರಾದ್ರೂ ಕೇಳಿಕೊಂಡು ಬನ್ನಿ, ಮುಂದಿನ ರಕ್ತದಾನ ಶಿಬಿರಕ್ಕೆ ನೀವೂ ಹೋಗಿ ಅಂತ ಹೇಳಿದೆ. ನಂಬಿಕೆ ಬಿಟ್ಟವರಿಗೆ ಹೆಚ್ಚು ತೊಂದರೆ ಆಗುದು ದೇವರು ಇಲ್ಲದ್ದರಿಂದ ಅಲ್ಲ, ಜನ ಇಲ್ಲದ್ದರಿಂದ ಅಂತ ನನ್ನ ಅನುಭವ. ನಂಬದೆ ಬದುಕುದರಲ್ಲಿ ತಪ್ಪೇನೂ ಇಲ್ಲ, ನಂಬದ ಕಾರಣಕ್ಕೆ ಎಲ್ಲರನ್ನೂ ಬಿಟ್ಟು ಕೂತದ್ದು ಇವ್ರಿಗೆ ಭಾರ ಆದದ್ದು.

ತುಲಾಭಾರ ಆಯ್ತು, ಬಾಳೆಹಣ್ಣಲ್ಲಿ. ಹುಡುಗನಿಗೆ ತಕ್ಕಡಿಯಲ್ಲಿ ಕೂರುದೇ ಖುಷಿ, ಇಷ್ಟು ಹಣ್ಣು ಯಾರು ತಿನ್ನುದು ಅಂತ ಅತ್ತೆಯನ್ನು ಕೇಳಿದನಂತೆ. ತಮ್ಮ ಹೊರಗೆ ನಿಂತು, ಮಧ್ಯಾಹ್ನ ಎಲ್ಲರ ಜೊತೆ ಸಾಲಲ್ಲಿ ಕೂತು ಊಟ ಮಾಡಿದ್ರು. ಭಾವ ಈಗಲೂ ಮುಖ ಊದಿಸಿಕೊಂಡಿದ್ದಾರೆ, ಅದು ಅವ್ರ ಪಾಡು.

ಮುಗಿಯದ್ದು ಒಂದು ಉಂಟು. ಅಪ್ಪನಿಗೆ ವಯಸ್ಸಾಯ್ತು, ನಾಳೆ ಅವ್ರು ತೀರಿಹೋದ್ರೆ ಬೊಜ್ಜಕ್ಕೆ, ಅಂದ್ರೆ ಉತ್ತರಕ್ರಿಯೆಗೆ, ನಾನು ಕೂರ್ಬೇಕಾ ಬೇಡ್ವಾ ಅಂತ ಕೇಳಿದ್ರು. ಅದನ್ನು ನನ್ನಲ್ಲಿ ಕೇಳುದಲ್ಲ, ಅಪ್ಪ ಇರುವಾಗಲೇ ಅಪ್ಪನಲ್ಲಿ ಕೇಳಿ, ಅವ್ರಿಗೆ ಎಂತ ಆಗ್ಬೇಕು, ನಿಮ್ಮಿಂದ ಎಷ್ಟು ಆಗ್ತದೆ, ಎರಡನ್ನೂ ಎದುರೆದುರು ಕೂತು ಮಾತಾಡಿ ಅಂದೆ. ಅಪ್ಪ ಒಪ್ಪಿದ್ರೆ ಮುಂದಿನ ಸಲ ಕರ್ಕೊಂಡೇ ಬರ್ತೇನೆ ಅಂದಿದ್ದಾರೆ.