ಯಾವ ವಿಷಯಕ್ಕೆ ಕ್ಲಾಸು ಬೇಕು, ಯಾವುದಕ್ಕೆ ಮೊಬೈಲ್ ಸಾಕು?

"ಎಲ್ಲ ಪಾಠವೂ ಮೊಬೈಲಲ್ಲಿದೆ, ಕ್ಲಾಸಿಗೆ ಹೋಗೋದು ದಂಡ ಅಂತ ನನ್ನ ತಮ್ಮ ಹೇಳ್ತಾನೆ. ಈಗ ಶಾಲೆಯಲ್ಲಿ ಓದುತ್ತಿರುವವರು ಏನಂತೀರಿ?" ಅಂತ ಕೇಳಿದ್ದೀರಿ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು. ಹತ್ತನೇ ಕ್ಲಾಸು, ಕನ್ನಡ ಮಾಧ್ಯಮ. ನಿಮ್ಮ ತಮ್ಮ ಹೇಳುವುದು ಗಣಿತದ ಮಟ್ಟಿಗೆ ಹೆಚ್ಚುಕಡಿಮೆ ಸರಿ. ರಸಾಯನಶಾಸ್ತ್ರದ ಮಟ್ಟಿಗೆ ಪೂರ್ತಿ ತಪ್ಪು. ಉಳಿದದ್ದೆಲ್ಲ ಪಾಠ ಮಾಡುವವರು ಯಾರು ಅನ್ನುವುದರ ಮೇಲೆ ನಿಂತಿದೆ.

ಅಂದ ಹಾಗೆ, ನಮಗೆ ಮೊಬೈಲಲ್ಲಿ "ಎಲ್ಲ ಪಾಠ" ಸಿಗುವುದೂ ಇಲ್ಲ. ನಮ್ಮದು ಕೇರಳದ ಸಿಲೆಬಸ್, ಪುಸ್ತಕ ಕನ್ನಡದ್ದು. ಹುಡುಕಿದರೆ ಕೇರಳ ಸಿಲೆಬಸ್ಸಿನ ವಿಡಿಯೋ ಜಾಸ್ತಿ ಮಲಯಾಳದಲ್ಲಿ. ಕನ್ನಡದ ವಿಡಿಯೋ ಜಾಸ್ತಿ ಕರ್ನಾಟಕ ಸಿಲೆಬಸ್ಸಿನವು. ನಿಮ್ಮ ಕರ್ನಾಟಕದಲ್ಲಿ ವಿಜ್ಞಾನ ಒಂದೇ ಪೇಪರ್, ನಮಗೆ ಭೌತ, ರಸಾಯನ, ಜೀವಶಾಸ್ತ್ರ ಅಂತ ಮೂರು. 2020ರಲ್ಲಿ ಶಾಲೆ ಮುಚ್ಚಿದ್ದಾಗ ಕೇರಳ ಸರ್ಕಾರದ ಶಿಕ್ಷಣ ಚಾನೆಲ್ ವಿಕ್ಟರ್ಸಿನ 'ಫಸ್ಟ್ ಬೆಲ್' ಪಾಠಗಳು ಕನ್ನಡದಲ್ಲೂ ಬಂದವು. ಆಗ ನಾನು ಐದನೇ ಕ್ಲಾಸು. ಪಾಠ ಚೆನ್ನಾಗಿಯೇ ಇತ್ತು. ಆದರೆ "ಅರ್ಥ ಆಯ್ತಾ ಮಕ್ಕಳೇ?" ಅಂತ ಕೇಳಿದ ಟೀಚರಿಗೆ "ಇಲ್ಲ" ಅಂತ ಹೇಳುವುದು ಹೇಗೆ? ಅವರು ಆಗಲೇ ಮುಂದಿನ ಪುಟದಲ್ಲಿರುತ್ತಿದ್ದರು.

ಈಗ ರಸಾಯನಶಾಸ್ತ್ರ. ಲೋಹಗಳ ಕ್ರಿಯಾಶೀಲತೆಯ ಪಾಠ. ಟೀಚರ್ ಬೀಕರಿನಲ್ಲಿ ತಾಮ್ರದ ಸಲ್ಫೇಟಿನ ನೀಲಿ ನೀರು ಮಾಡಿ ಅದಕ್ಕೆ ಕಬ್ಬಿಣದ ಆಣಿ ಹಾಕಿದರು. ಸ್ವಲ್ಪ ಹೊತ್ತಿಗೆ ಆಣಿ ಕೆಂಪಾಯಿತು. ಹಿಂದಿನ ಬೆಂಚಿನಿಂದ ಒಬ್ಬ "ಟೀಚರ್, ಇದು ನಮ್ಮ ಮನೇಲಿ ಕತ್ತಿಗೆ ಆಗುವುದಲ್ವಾ?" ಅಂದ. ಅರ್ಧ ಕ್ಲಾಸು ಹೌದು ಹೌದು ಅಂತ ಎದ್ದಿತು. ನಮ್ಮಲ್ಲಿ ಹೆಚ್ಚಿನವರದ್ದು ಅಡಿಕೆ ತೋಟದ ಮನೆ. ಮಳೆಗಾಲ ಶುರುವಾಗುವಾಗ ಅಡಿಕೆಗೆ ಮದ್ದು ಬಿಡುತ್ತಾರೆ. ಮೈಲುತುತ್ತು (ಇದೇ ತಾಮ್ರದ ಸಲ್ಫೇಟು) ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕಲಕುವುದು. ಆಮೇಲೆ ಅಪ್ಪ ಉಜ್ಜಿ ತೊಳೆದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಕತ್ತಿಗೆ ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು ಅಂತ ಲೆಕ್ಕ.

ಇದನ್ನು ನಾನು ಸಣ್ಣವಳಿದ್ದಾಗಿನಿಂದ ನೋಡುತ್ತಿದ್ದೇನೆ. ಯಾಕೆ ಅಂತ ಯಾವತ್ತೂ ಕೇಳಿರಲಿಲ್ಲ, ಕೇಳಬೇಕಾದ ವಿಷಯ ಅಂತ ಅನ್ನಿಸಿಯೂ ಇರಲಿಲ್ಲ. ಟೀಚರ್ ಪುಸ್ತಕ ಮುಚ್ಚಿ ಅಲ್ಲಿಂದಲೇ ಪಾಠ ಮುಂದುವರಿಸಿದರು. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ. ಅದು ನೀರಿಗೆ ಇಳಿದು ತಾಮ್ರವನ್ನು ಹೊರಗೆ ತಳ್ಳುತ್ತದೆ, ಆ ತಾಮ್ರ ಕತ್ತಿಯ ಮೇಲೆ ಕೂರುತ್ತದೆ. ಸುಣ್ಣ ಸಾಕಷ್ಟಿದ್ದರೆ ತಾಮ್ರ ಬಿಡಿಯಾಗಿ ನೀರಲ್ಲಿ ಉಳಿಯುವುದೇ ಇಲ್ಲ, ಹಾಗಾಗಿ ಕತ್ತಿ ಕತ್ತಿಯಾಗಿಯೇ ಇರುತ್ತದೆ. ಬಿಡಿ ತಾಮ್ರ ಉಳಿದರೆ ನಳ್ಳಿ, ಅಂದರೆ ಎಳೇ ಅಡಿಕೆ, ಸುಡುತ್ತದೆ. ಮದ್ದು ಕಲಸಲು ಕಬ್ಬಿಣದ ಪಾತ್ರೆ ಯಾಕೆ ಬೇಡ, ಪ್ಲಾಸ್ಟಿಕ್ ಡ್ರಮ್ಮೇ ಯಾಕೆ ಅನ್ನುವುದೂ ಅದೇ ಉತ್ತರದಲ್ಲಿ ಬಂತು. ಇನ್ನೊಬ್ಬಳು "ನಮ್ಮಲ್ಲಿ ಕತ್ತಿ ಅದ್ದುವುದಿಲ್ಲ, ಲಿಟ್ಮಸ್ ಕಾಗದ" ಅಂದಳು. ಯಾವುದು ಹೆಚ್ಚು ಸರಿ ಅಂತ ಜಗಳ ಗಂಟೆ ಹೊಡೆಯುವವರೆಗೂ ನಡೆಯಿತು. ಇದೇ ಪಾಠದ ವಿಡಿಯೋ ನಾನು ಆಮೇಲೆ ನೋಡಿದೆ. ಆಣಿ ಅಲ್ಲೂ ಕೆಂಪಾಗುತ್ತದೆ. ಕತ್ತಿಯ ಮಾತು ಬರುವುದಿಲ್ಲ, ಬರಲು ಸಾಧ್ಯವೂ ಇಲ್ಲ. ಅದು ಬೆಂಚಿನಿಂದ ಬಂದದ್ದು.

ಹಾಗಂತ ಎಲ್ಲ ಕ್ಲಾಸೂ ಹೀಗಿರುವುದಿಲ್ಲ. ಹಿಂದೊಮ್ಮೆ ನಮಗೆ ಎರಡು ವಿಷಯಕ್ಕೆ ಬಂದವರಿಗೆ ಕನ್ನಡ ಬರುತ್ತಿರಲಿಲ್ಲ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಇದು ಹಳೇ ದೂರು, ಪ್ರತಿಭಟನೆಗಳೂ ಆಗಿವೆ. ಭೌತಶಾಸ್ತ್ರದವರು ಸರ್ಕಿಟ್ಟನ್ನು ಬೋರ್ಡಿನಲ್ಲಿ ಎಷ್ಟು ಚಂದ ಬಿಡಿಸುತ್ತಿದ್ದರು ಅಂದರೆ ಚಿತ್ರ ನೋಡಿಯೇ ಮುಕ್ಕಾಲು ತಿಳಿಯುತ್ತಿತ್ತು. ಉಳಿದದ್ದನ್ನು ಮಲಯಾಳ ಬರುವ ಗೆಳತಿ ಪಕ್ಕದಲ್ಲಿ ಪಿಸುಗುಟ್ಟುತ್ತಿದ್ದಳು. ಸಮಾಜ ವಿಜ್ಞಾನದಲ್ಲಿ ಬಿಡಿಸುವುದು ಏನನ್ನು? ನಾವೇ ಸರದಿಯಲ್ಲಿ ಪುಸ್ತಕ ಓದಿದೆವು, ಟೀಚರ್ ಸುಮ್ನೆ ಕೇಳಿದರು. ಅಂಥ ಪೀರಿಯಡ್ಡಿಗೆ ನಿಮ್ಮ ತಮ್ಮನ ಮಾತು ಒಪ್ಪಬೇಕಾಗುತ್ತದೆ.

ಈ ವರ್ಷ ಅದೇ ವಿಷಯಕ್ಕೆ ಬಂದ ಮಾಷ್ಟ್ರು ಬೇರೆ ಥರ. "ಮನೆಯಲ್ಲಿ ಜಾಗದ ಹಳೇ ರೆಕಾರ್ಡು ಇದ್ದರೆ ಮೇಲಿನ ಸಾಲು ಬರೆದುಕೊಂಡು ಬನ್ನಿ" ಅಂದರು. ಕೆಲವರದ್ದರಲ್ಲಿ ಕಣ್ಣೂರು ಜಿಲ್ಲೆ ಅಂತಿತ್ತು. ನಮ್ಮ ಅಜ್ಜನ ಕಾಲದ್ದರಲ್ಲಿ ದಕ್ಷಿಣ ಕನ್ನಡ ಜಿಲ್ಲೆ. ಮನೆ ಅದೇ, ಗುಡ್ಡೆ ಅದೇ. 1956ರ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಬೇಕು ಅಂತ ರಾಜ್ಯಗಳ ಗಡಿ ತಕರಾರು ನೋಡಿದ ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಗೊತ್ತಾದ ಮೇಲೆ ಕ್ಲಾಸು ಎರಡಾಯಿತು. ಹೊಳೆಯ ಆಚೆ ಅತ್ತೆ ಮನೆ ಇರುವವರ ವಾದ ಒಂದು, ಮಂಗಳೂರಲ್ಲಿ ಕಾಲೇಜಿಗೆ ಹೋಗಬೇಕು ಅನ್ನುವವರ ವಾದ ಇನ್ನೊಂದು. ಮಾಷ್ಟ್ರು ಯಾರ ಪರವೂ ಮಾತಾಡಲಿಲ್ಲ. ಅದು ನನಗೆ ತುಂಬಾ ಇಷ್ಟವಾಯಿತು.

ಕನ್ನಡ ಕ್ಲಾಸಿನ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ನಮ್ಮ ಕ್ಲಾಸಿನವರ ಮನೆಮಾತು ತುಳು, ಮಲಯಾಳ, ಮರಾಠಿ, ಕೊಂಕಣಿ, ಹವ್ಯಕ. ಪುಸ್ತಕದ ಕನ್ನಡ ಯಾರ ಮನೆಯಲ್ಲೂ ಇಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಮೇಷ್ಟ್ರಾಗಿದ್ದ ಪೆರಡಾಲ ಇಲ್ಲೇ ಹತ್ತಿರ, ಆ ಹೆಮ್ಮೆ ಎಲ್ಲರಿಗೂ ಇದೆ. ಆದರೆ ವ್ಯಾಕರಣ ಅಂದರೆ ಎಲ್ಲರೂ ಕಿಟಕಿ ನೋಡುತ್ತಾರೆ. ತಮಾಷೆ ಏನೆಂದರೆ, ಪರೀಕ್ಷೆಯಲ್ಲಿ ಕಷ್ಟಪಟ್ಟು ಪಾಸಾಗುವ ಒಬ್ಬ ತಾಳಮದ್ದಳೆಯಲ್ಲಿ (ವೇಷ ಹಾಕದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ) ಅರ್ಥ ಹೇಳುತ್ತಾನೆ. ಟೀಚರ್ ಅವನಿಗೆ ಪದ್ಯದ ಸಾರಾಂಶ ಕೇಳಿದರೆ ಗಂಟಲು ಕಟ್ಟುತ್ತದೆ. "ನೀನೇ ಕೃಷ್ಣ ಅಂದುಕೊಂಡು ಹೇಳು" ಅಂದರೆ ನಿಲ್ಲಿಸುವುದೇ ಕಷ್ಟ!

ಗಣಿತ ನಾನು ವಿಡಿಯೋ ನಿಲ್ಲಿಸಿ ನಿಲ್ಲಿಸಿ ಕಲಿತೆ. ಮಲಯಾಳದ್ದಾದರೂ ಪರವಾಗಿಲ್ಲ, ಲೆಕ್ಕ ಬೋರ್ಡಿನಲ್ಲೇ ಕಾಣುತ್ತದೆ. ಹಿಂದಿ ಕಂಠಪಾಠ. ಐಟಿ ಕಂಪ್ಯೂಟರಿನ ಮುಂದೆ ಕೂತರೆ ತಾನಾಗಿ ಬರುತ್ತದೆ.

ನಿಮ್ಮ ತಮ್ಮ ಯಾವ ಕ್ಲಾಸು ಅಂತ ನೀವು ಬರೆದಿಲ್ಲ. ಗಣಿತದ ವಿಡಿಯೋ ನೋಡುತ್ತಿದ್ದರೆ ನೋಡಲಿ. ಲ್ಯಾಬ್ ಇರುವ ದಿನ ಮಾತ್ರ ರಜೆ ಹಾಕಲು ಬಿಡಬೇಡಿ. ಇನ್ನು ಹತ್ತನೇ ಕ್ಲಾಸಾದರೆ ಒಂದು ಲೆಕ್ಕ ತೋರಿಸಿ. ನಮ್ಮಲ್ಲಿ ಗಣಿತ, ಸಮಾಜದಂಥ ಪೇಪರಿಗೆ ಪರೀಕ್ಷೆ 80 ಅಂಕಕ್ಕೆ, ಉಳಿದ 20 ವರ್ಷವಿಡೀ ಶಾಲೆಯಲ್ಲಿ ಮಾಡಿದ ಕೆಲಸಕ್ಕೆ. ನಿಮ್ಮಲ್ಲೂ ಆಂತರಿಕ ಅಂಕ ಇದೆ. ಅದನ್ನು ಮೊಬೈಲ್ ಕೊಡುವುದಿಲ್ಲ.